ಎಐ ಬರೆದ ಕೋಡಿಗೆ ಟೆಸ್ಟ್ ಕಟ್ಟುವ ಕೆಲಸ: ಇಲ್ಲಿಯವರೆಗೆ ಆಗಿದ್ದು

ಏಪ್ರಿಲ್

ಕಾಂಟ್ರಾಕ್ಟ್ ಶುರುವಾಯಿತು. ಕಂಪನಿ ಅಮೆರಿಕದ್ದು, ನಾನು ಮಾಡುವುದು ಸಾಗರದ ಮನೆಯಲ್ಲೇ ಕೂತು. ಬ್ಯಾಕೆಂಡ್ (ಆ್ಯಪಿನ ಹಿಂದೆ ಸರ್ವರಿನಲ್ಲಿ ಓಡುವ ಕೋಡ್) ಪ್ರಾಜೆಕ್ಟುಗಳಲ್ಲಿ ನಿಜವಾಗಿ ಎದುರಾಗುವಂಥ ಸಮಸ್ಯೆಯೊಂದನ್ನು ಬರೆದುಕೊಡಬೇಕು. ಅದನ್ನು ಎಐ ಟೂಲ್ ಬಿಡಿಸುತ್ತದೆ. ಬಿಡಿಸಿದ್ದು ಸರಿಯೋ ತಪ್ಪೋ ಎಂದು ತೀರ್ಮಾನಿಸುವ ಟೆಸ್ಟನ್ನೂ ನಾವೇ ಬರೆಯಬೇಕು. ದುಡ್ಡು ಗಂಟೆ ಲೆಕ್ಕದಲ್ಲಿ. ತೆರಿಗೆ ಬಗ್ಗೆ ಕೇಳಿದವರಿಗೆ: ವಿದೇಶಕ್ಕೆ ಕೊಡುವ ಸೇವೆಗೆ ಜಿಎಸ್‌ಟಿ ಸೊನ್ನೆ. ನೋಂದಣಿ ಇದ್ದವರು ಪ್ರತಿ ಹಣಕಾಸು ವರ್ಷ ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರ ಹಾಕಿಟ್ಟರೆ ಮೊದಲು ಕಟ್ಟಿ ಆಮೇಲೆ ವಾಪಸ್ ಕೇಳುವ ತಾಪತ್ರಯ ಇರುವುದಿಲ್ಲ.

ಈ ಬಗೆಯ ಪರೀಕ್ಷೆಗಳಲ್ಲಿ ಹೆಸರಾದದ್ದು 2023ರಲ್ಲಿ ಬಂದ ಎಸ್‌ಡಬ್ಲ್ಯುಇ-ಬೆಂಚ್. ವೆಬ್‌ಸೈಟ್ ಕಟ್ಟಲು ಬಳಸುವ ಜಾಂಗೊ ಸೇರಿ, ಪೈಥಾನ್ ಭಾಷೆಯ 12 ಪ್ರಾಜೆಕ್ಟುಗಳ 2,294 ಸಮಸ್ಯೆಗಳು ಅದರಲ್ಲಿವೆ. ಮೊದಲು ಫೇಲಾಗುತ್ತಿದ್ದ ಟೆಸ್ಟ್ ಈಗ ಪಾಸಾಗಬೇಕು, ಮೊದಲೇ ಪಾಸಾಗುತ್ತಿದ್ದವು ಹಾಗೇ ಉಳಿಯಬೇಕು ಎಂಬುದು ಅದರ ನಿಯಮ. 2024ರಲ್ಲಿ 93 ಡೆವಲಪರ್‌ಗಳನ್ನು ಕೂರಿಸಿ ಅದರಲ್ಲಿ ಒಂದಷ್ಟನ್ನು ಓದಿಸಿದಾಗ ಎಷ್ಟೋ ಕಡೆ ವಿವರಣೆಯೇ ಸಾಲದು, ಎಷ್ಟೋ ಟೆಸ್ಟುಗಳು ಸರಿಯಾದ ಉತ್ತರವನ್ನೂ ಫೇಲ್ ಮಾಡುತ್ತಿವೆ ಎಂದು ಗೊತ್ತಾಯಿತು. ಕೊನೆಗೆ 500 ಆರಿಸಿ ಬೇರೆ ಪಟ್ಟಿ ಮಾಡಿದರು. ಎಐ ಮಾಡೆಲ್ ಎಷ್ಟು ಜಾಣ ಎಂದು ಅಳೆಯುವ ಮೊದಲು ಅಳೆಯುವ ಕೋಲನ್ನೇ ನೋಡಬೇಕು ಅನ್ನುವುದು ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತದ್ದು ಇದನ್ನು ಓದಿದ ಮೇಲೆ.

ಮೇ

ವಾಲೆಟ್ ಸಮಸ್ಯೆ ಮುಗಿಸಿದೆ. ಈವರೆಗೆ ಬರೆದವುಗಳಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಇದೇ.

ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನಲ್ಲಿ ಒಂದು ಟೇಬಲ್, ಅದರಲ್ಲಿ ಬಳಕೆದಾರರ ಬ್ಯಾಲೆನ್ಸ್. ದುಡ್ಡು ಕಡಿತ ಮಾಡುವ ಎಪಿಐ (ಬೇರೆ ಪ್ರೋಗ್ರಾಂಗಳು ರಿಕ್ವೆಸ್ಟ್ ಕಳಿಸುವ ಬಾಗಿಲು) ಬರೆ, ಬ್ಯಾಲೆನ್ಸ್ ಸೊನ್ನೆಗಿಂತ ಕೆಳಗೆ ಹೋಗಕೂಡದು ಎಂದು ಕೇಳಿದ್ದೆ. ಟೂಲ್ ಬರೆದದ್ದು ಓದಲು ಚೆಂದವಾಗಿತ್ತು: ಬ್ಯಾಲೆನ್ಸ್ ಓದು, ಸಾಕಷ್ಟಿದೆಯಾ ನೋಡು, ಕಳೆದು ಬರೆ. ಒಂದಾದ ಮೇಲೊಂದು ರಿಕ್ವೆಸ್ಟ್ ಕಳಿಸಿದರೆ ಎಲ್ಲ ಟೆಸ್ಟೂ ಪಾಸ್. ನೂರು ರೂಪಾಯಿ ಇರುವ ಖಾತೆಯಿಂದ ನೂರು ಕಡಿತ ಮಾಡುವ ಎರಡು ರಿಕ್ವೆಸ್ಟನ್ನು ಒಟ್ಟಿಗೆ ಬಿಟ್ಟರೆ ಎರಡೂ ನೂರನ್ನೇ ಓದುತ್ತವೆ, ಎರಡಕ್ಕೂ ಹಣ ಸಿಗುತ್ತದೆ. ಒಟ್ಟಿಗೆ ಬಂದ ಕೆಲಸಗಳನ್ನು ಎಷ್ಟು ಬೇರೆಬೇರೆ ಇಡಬೇಕು ಎಂಬುದಕ್ಕೆ ಪೋಸ್ಟ್‌ಗ್ರೆಸ್ ಡೀಫಾಲ್ಟಾಗಿ ಇರುವುದು ರೀಡ್ ಕಮಿಟೆಡ್ ಎಂಬ ಮಟ್ಟದಲ್ಲಿ, ಅದು ಇದನ್ನು ತಡೆಯುವುದಿಲ್ಲ.

ಇದನ್ನು ತಿಳಿಸಿದಾಗ ಟೂಲ್ ಪೈಥಾನ್‌ನ ಥ್ರೆಡ್ ಲಾಕ್ ಹಾಕಿತು, ಅಂದರೆ ಒಂದು ಪ್ರಾಸೆಸ್‌ನ (ಓಡುತ್ತಿರುವ ಪ್ರೋಗ್ರಾಂನ) ಒಳಗೆ ಒಂದು ಸಲಕ್ಕೆ ಒಂದೇ ಕೆಲಸ ನಡೆಯುವಂಥ ಬೀಗ. ನನ್ನ ಥ್ರೆಡ್ ಟೆಸ್ಟ್ ಪಾಸಾಯಿತು. ಆದರೆ ಪ್ರೊಡಕ್ಷನ್‌ನಲ್ಲಿ ಪೈಥಾನ್ ಕೋಡ್ ಓಡಿಸುವ ಗುನಿಕಾರ್ನ್ ಸರ್ವರ್ ಒಂದಕ್ಕಿಂತ ಹೆಚ್ಚು ವರ್ಕರ್ ಪ್ರಾಸೆಸ್ ಇಟ್ಟುಕೊಂಡು ಓಡುತ್ತದೆ, ಒಂದು ಪ್ರಾಸೆಸ್‌ನ ಲಾಕ್ ಇನ್ನೊಂದಕ್ಕೆ ಕಾಣುವುದೇ ಇಲ್ಲ. ಹಾಗಾಗಿ ಟೆಸ್ಟಿನಲ್ಲೇ ಎರಡು ಪ್ರಾಸೆಸ್ ಎಬ್ಬಿಸಿ, ಎರಡೂ ಬರುವವರೆಗೆ ತಡೆದಿಡುವ ಬ್ಯಾರಿಯರ್ ಹಾಕಿ ಒಂದೇ ಗಳಿಗೆಗೆ ಬಿಟ್ಟೆ. ಆಗ ಮತ್ತೆ ಎರಡಕ್ಕೂ ಹಣ ಸಿಕ್ಕಿತು. ಸರಿಯಾದ ಉತ್ತರ ಒಂದೇ ಸಾಲಿನದು: ಬ್ಯಾಲೆನ್ಸ್ ಸಾಕಷ್ಟಿದ್ದರೆ ಮಾತ್ರ ಕಳೆಯುವ ಅಪ್‌ಡೇಟ್, ಆಮೇಲೆ ಎಷ್ಟು ರೋ ಬದಲಾಯಿತು ಎಂದು ನೋಡುವುದು. ಓದುವಾಗಲೇ ಆ ರೋಗೆ ಬೀಗ ಹಾಕುವ ಸೆಲೆಕ್ಟ್ ಫಾರ್ ಅಪ್‌ಡೇಟ್ ಬಳಸಿದರೂ ಆದೀತು. ನನ್ನ ಟೆಸ್ಟ್ ಎರಡನ್ನೂ ಒಪ್ಪುತ್ತದೆ, ಯಾಕೆಂದರೆ ಅದು ಕೊನೆಯ ಬ್ಯಾಲೆನ್ಸನ್ನೂ ಯಶಸ್ವಿ ರಿಕ್ವೆಸ್ಟುಗಳ ಸಂಖ್ಯೆಯನ್ನೂ ಮಾತ್ರ ನೋಡುತ್ತದೆ, ಕೋಡ್ ಹೇಗೆ ಬರೆದಿದೆ ಎಂದು ಕೇಳುವುದಿಲ್ಲ.

ವರ್ಷಗಟ್ಟಲೆ ಪೇಮೆಂಟ್ ಕೋಡ್ ನೋಡಿಕೊಂಡವರಿಗೆ ‘ಎರಡು ರಿಕ್ವೆಸ್ಟ್ ಒಟ್ಟಿಗೆ ಬಂದರೆ?’ ಎಂಬ ಪ್ರಶ್ನೆ ತಾನಾಗೇ ಏಳುತ್ತದೆ. ಈ ಕೆಲಸಕ್ಕೆ ನಮ್ಮಂಥವರನ್ನು ಹುಡುಕುವುದು ಅದಕ್ಕೇ ಎಂದು ನನಗನಿಸುತ್ತದೆ.

ಜೂನ್

ಟೆಸ್ಟ್ ಫೈಲುಗಳನ್ನು ಟೂಲಿನ ಕೈಗೆ ಸಿಗದ ಹಾಗೆ, ಅದು ಕೆಲಸ ಮಾಡುವ ಡಾಕರ್ ಕಂಟೇನರ್ ಎಂಬ ಪ್ರತ್ಯೇಕ ಆವರಣದಿಂದ ಹೊರಗಿಟ್ಟೆ. ಕಣ್ಣೆದುರು ಇದ್ದರೆ ಕೆಲವೊಮ್ಮೆ ಕೋಡ್ ತಿದ್ದುವ ಬದಲು ಟೆಸ್ಟನ್ನೇ ತಿದ್ದಿಬಿಡುತ್ತದೆ. ಈಗ ಉತ್ತರ ಕೈಸೇರಿದ ಮೇಲಷ್ಟೇ ಟೆಸ್ಟುಗಳು ಒಳಗೆ ಹೋಗುತ್ತವೆ.

ಮಳೆ ಹಿಡಿದಿದೆ, ಕರೆಂಟ್ ಯಾವಾಗ ಬೇಕಾದರೂ ಹೋಗುತ್ತದೆ. ಪ್ರತಿ ರನ್‌ನ ಫಲಿತಾಂಶ ಮುಗಿದ ಕೂಡಲೇ ಎಸ್‌ಕ್ಯುಲೈಟ್‌ಗೆ (ಒಂದೇ ಫೈಲಿನ ಸಣ್ಣ ಡೇಟಾಬೇಸ್) ಬರೆಯುವಂತೆ ಮಾಡಿದ್ದೇನೆ, ಕರೆಂಟ್ ಬಂದಾಗ ನಿಂತಲ್ಲಿಂದಲೇ ಮುಂದುವರಿಯುತ್ತದೆ.

ಜುಲೈ

ಕಾಂಟ್ರಾಕ್ಟಿನ ಆಚೆ ನನ್ನದೇ ಒಂದು ಸಣ್ಣ ಸಂಗ್ರಹ ಶುರು ಮಾಡಿದ್ದೇನೆ: ಕನ್ನಡ ಪಠ್ಯ ಹಾದುಹೋಗುವ ಬ್ಯಾಕೆಂಡ್ ಸಮಸ್ಯೆಗಳು. ಮೊದಲನೆಯದು ಎಸ್ಸೆಮ್ಮೆಸ್. ಕನ್ನಡದಲ್ಲಿ ಕಳಿಸಿದರೆ ಒಂದು ಸಂದೇಶಕ್ಕೆ 70 ಅಕ್ಷರದ ಮಿತಿ, ಉದ್ದವಾಗಿ ತುಂಡಾದರೆ ಪ್ರತಿ ತುಂಡಿಗೆ 67. ಇಲ್ಲಿ ಅಕ್ಷರ ಎಂದರೆ ಯೂನಿಕೋಡ್ ಸಂಕೇತ, ನಾವು ಬಾಯಲ್ಲಿ ಹೇಳುವ ಅಕ್ಷರವಲ್ಲ. ‘ಲಕ್ಷ್ಮಿ’ ನಮ್ಮ ಕಣ್ಣಿಗೆ ಎರಡಕ್ಷರ. ಪೈಥಾನ್‌ಗೆ ಅದು 7 ಸಂಕೇತ, ಉಳಿಸಿಡುವ ಯುಟಿಎಫ್-8 ರೂಪದಲ್ಲಿ 21 ಬೈಟ್. ಹೆಸರನ್ನು ಮಿತಿಗೆ ಕತ್ತರಿಸು ಎಂದರೆ ಟೂಲ್ ಸಂಕೇತ ಎಣಿಸಿ ನೇರವಾಗಿ ಸ್ಲೈಸ್ ಮಾಡಿ ‘ಲಕ್ಷ್’ ಎಂದು ಬಿಟ್ಟಿತು. ಮನೆಮನೆಗೆ ಹೋಗುವ ಪಡಿತರದ ಸಂದೇಶದಲ್ಲೋ ಆಸ್ಪತ್ರೆಯ ಚೀಟಿಯಲ್ಲೋ ಒಬ್ಬರ ಹೆಸರು ಹೀಗೆ ತುಂಡಾಗಬಾರದು. ಇದು ನನಗೆ ವಾಲೆಟ್ಟಿನಷ್ಟೇ ಮುಖ್ಯ. ಟೆಸ್ಟ್ ಈಗ ಒತ್ತಕ್ಷರದ ನಡುವೆ ಕತ್ತರಿಸಿದ ಯಾವ ಉತ್ತರವನ್ನೂ ಒಪ್ಪುವುದಿಲ್ಲ.

ಈ ತಿಂಗಳೇ ಒಂದು ಅಧ್ಯಯನವನ್ನೂ ಓದಿದೆ, ಮೀಟರ್ (METR) ಎಂಬ ಸಂಸ್ಥೆ 2025ರಲ್ಲಿ ಪ್ರಕಟಿಸಿದ್ದು. ತಮ್ಮದೇ ಓಪನ್ ಸೋರ್ಸ್ ಪ್ರಾಜೆಕ್ಟುಗಳಲ್ಲಿ ಪಳಗಿದ 16 ಡೆವಲಪರ್‌ಗಳು 246 ಕೆಲಸ ಮಾಡಿದರು. ಎಐ ಬಳಸಿದಾಗ ಶೇ 19ರಷ್ಟು ಹೆಚ್ಚು ಸಮಯ ಹಿಡಿಯಿತು, ಆದರೆ ಮುಗಿದ ಮೇಲೂ ಅವರಿಗೆ ಬೇಗ ಆಯಿತೆಂದೇ ಅನಿಸಿತ್ತು. ಅದು ಆಗಿನ ಟೂಲುಗಳ ಮಾತು. ಆದರೂ ಅನಿಸಿಕೆಯನ್ನು ನಂಬದೆ ಗಡಿಯಾರ ನೋಡುವ ಅಭ್ಯಾಸವನ್ನು ನಾನು ಅದರಿಂದ ಎತ್ತಿಕೊಂಡೆ. ಪ್ರತಿ ರಿವ್ಯೂಗೆ ಹಿಡಿದ ಸಮಯವನ್ನೂ ಅದೇ ಎಸ್‌ಕ್ಯುಲೈಟ್ ಫೈಲಿಗೆ ಬರೆಯುತ್ತಿದ್ದೇನೆ.

ಮುಂದಿನದು ಮೈಗ್ರೇಷನ್, ಅಂದರೆ ಡೇಟಾಬೇಸಿನ ರಚನೆ ಬದಲಿಸುವುದು: ಜನ ಬಳಸುತ್ತಿರುವಾಗಲೇ ದೊಡ್ಡ ಟೇಬಲ್‌ಗೆ ಇಂಡೆಕ್ಸ್ (ಬೇಗ ಹುಡುಕಲು ಬೇಕಾದ ಸೂಚಿ) ಹಾಕಬೇಕು, ರೈಟ್‌ಗಳು ನಿಲ್ಲಬಾರದು. ಪೋಸ್ಟ್‌ಗ್ರೆಸ್‌ನ ಕನ್‌ಕರೆಂಟ್ಲಿ ಎಂಬ ಆಯ್ಕೆ ಇದಕ್ಕೇ ಇರುವುದು, ಆದರೆ ಟ್ರಾನ್ಸಾಕ್ಷನ್ (ಪೂರ್ತಿ ಆಗಬೇಕು, ಇಲ್ಲವೇ ಏನೂ ಆಗಬಾರದು ಎಂಬ ಕಟ್ಟು) ಒಳಗೆ ಅದು ನಡೆಯುವುದಿಲ್ಲ, ಜಾಂಗೊ ಮೈಗ್ರೇಷನ್ ಪೋಸ್ಟ್‌ಗ್ರೆಸ್‌ನಲ್ಲಿ ತಾನಾಗಿ ಟ್ರಾನ್ಸಾಕ್ಷನ್ ಒಳಗೇ ಓಡುತ್ತದೆ. ಅದನ್ನು ಟೂಲ್ ತಾನೇ ಕಂಡುಕೊಳ್ಳುತ್ತದಾ ನೋಡಬೇಕು. ಹಿನ್ನೆಲೆಯಲ್ಲಿ ನಿರಂತರ ರೈಟ್ ಮಾಡುವ ಸ್ಕ್ರಿಪ್ಟ್ ಅರ್ಧ ಆಗಿದೆ.