“ಮಂಡ್ಯದಲ್ಲೇ ಲಿಥಿಯಂ ಸಿಕ್ಕಿದೆಯಲ್ಲ, ಇನ್ನೇನು ಸಂಶೋಧನೆ?”

ನಾನು ಲಿಥಿಯಂ ಬ್ಯಾಟರಿಯ ವಿದ್ಯುದ್ವಾರಗಳ (ಎಲೆಕ್ಟ್ರೋಡ್, ಅಂದರೆ ಲಿಥಿಯಂ ಹೋಗಿಬರುವ ಎರಡು ತುದಿಗಳ) ಮೇಲೆ ಕೆಲಸ ಮಾಡುತ್ತೇನೆ ಎಂದ ಕೂಡಲೇ ಮೈಸೂರಿನಲ್ಲಾಗಲಿ ಮಂಡ್ಯದಲ್ಲಾಗಲಿ ಈ ಪ್ರಶ್ನೆ ಬರುತ್ತದೆ. ಪಾಂಡವಪುರದ ಮದುವೆಯೊಂದರಲ್ಲಿ ಊಟಕ್ಕೆ ಕುಳಿತಿದ್ದಾಗ ಸೋದರಮಾವ ಪಂಕ್ತಿಗೆಲ್ಲ ಕೇಳುವಂತೆ, “ನಮ್ ಜಿಲ್ಲೇಲೇ ಸಿಕ್ಕದಂತೆ, ನೀನಿನ್ನೂ ಅದೇನವ್ವಾ ಕಂಡುಹಿಡೀತಾ ಇದ್ದೀಯ?” ಎಂದರು. ಅಂದು ಸುಮ್ಮನಿದ್ದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳುಹಿಸುತ್ತೇನೆ.

ಮಂಡ್ಯ ಜಿಲ್ಲೆಯ ಮರಳಗಾಲ–ಅಲ್ಲಾಪಟ್ಟಣ ಪ್ರದೇಶದಲ್ಲಿ ಲಿಥಿಯಂ ಇದೆಯೆಂದು 2021ರಲ್ಲಿ ಸರ್ಕಾರ ಪ್ರಕಟಿಸಿದ್ದು 1,600 ಟನ್, ಅದೂ ಅಂದಾಜು. ಅದು 16 ಲಕ್ಷ ಟನ್ ಆಗಿದ್ದರೂ ನನ್ನ ಕೆಲಸ ಒಂದು ದಿನದಷ್ಟೂ ಕಡಿಮೆಯಾಗುತ್ತಿರಲಿಲ್ಲ. ಕೆಆರ್‌ಎಸ್ ತುಂಬಿದರೂ ನಾಲೆ ಸೋರಿದರೆ ಕೊನೆಭಾಗದ ಗದ್ದೆಗೆ ನೀರು ಬಾರದು ಎಂಬುದನ್ನು ಮಂಡ್ಯದವರಿಗೆ ನಾನು ಹೇಳಬೇಕಾಗಿಲ್ಲ.

ಬ್ಯಾಟರಿಯ ಸೋರಿಕೆ ಇರುವುದು ವಿದ್ಯುದ್ವಾರದಲ್ಲಿ. ಚಾರ್ಜ್ ಮಾಡುವಾಗ ಲಿಥಿಯಂ ಒಂದು ವಿದ್ಯುದ್ವಾರದ ಗ್ರಾಫೈಟ್‌ನ ಪದರಗಳ ನಡುವೆ ಸೇರುತ್ತದೆ, ಬಳಸುವಾಗ ಹಿಂದಿರುಗುತ್ತದೆ. ಗ್ರಾಫೈಟ್ ಇದಕ್ಕೆ ಸುಮಾರು ಶೇ 10ರಷ್ಟು ಮಾತ್ರ ಹಿಗ್ಗುತ್ತದೆ; ಅದೇ ತೂಕದ ಸಿಲಿಕಾನ್ ಒಂಬತ್ತು ಪಟ್ಟು ಲಿಥಿಯಂ ಹಿಡಿಯಬಲ್ಲುದಾದರೂ, ಮೂರು ಪಟ್ಟಿಗೂ ಮೀರಿ ಹಿಗ್ಗಿ ಬಿರಿಯುತ್ತದೆ, ಬಿರುಕಿನ ಹೊಸ ಮೈಗೆ ಬ್ಯಾಟರಿಯೊಳಗಿನ ದ್ರಾವಣ ತಗುಲಿ ಕಟ್ಟುವ ಪೊರೆಯೊಳಗೆ ಒಂದಿಷ್ಟು ಲಿಥಿಯಂ ಶಾಶ್ವತವಾಗಿ ಸಿಕ್ಕಿಬೀಳುತ್ತದೆ. ಪ್ರತಿ ಚಾರ್ಜಿಗೆ ಶೇ 0.1ರಷ್ಟು ಹೀಗೆ ಕಳೆದರೆ 500 ಚಾರ್ಜುಗಳ ನಂತರ ಉಳಿಯುವುದು ಸುಮಾರು ಶೇ 60, ಶೇ 0.01 ಕಳೆದರೆ ಶೇ 95. ಆ ಒಂದು ಸೊನ್ನೆಯನ್ನು ಸೇರಿಸುವುದೇ ನನ್ನ ಸಂಶೋಧನೆ, ಮಾವ.

ಎದುರು ವಿದ್ಯುದ್ವಾರದ ಕಷ್ಟ ಬೇರೆ. ಅಲ್ಲಿ ಬಳಸುವ, ನಿಕಲ್ ಹೆಚ್ಚಿರುವ ಆಕ್ಸೈಡಿನಿಂದ ಲಿಥಿಯಂ ಬಹುಪಾಲು ಹೊರಬಂದಾಗ ಪದರಗಳು ಕುಗ್ಗಿ ಕಣಗಳು ಸೀಳುತ್ತವೆ, ಆಮ್ಲಜನಕವೂ ಬಿಟ್ಟುಹೋಗುತ್ತದೆ. ಅದಕ್ಕಾಗಿ ಕೆಲವೇ ನ್ಯಾನೋಮೀಟರ್ ದಪ್ಪದ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಲೇಪಿಸುತ್ತಾರೆ, ಅಥವಾ ಸಣ್ಣ ಕಣಗಳ ಉಂಡೆಯ ಬದಲು ಒಂಟಿ ಹರಳುಗಳನ್ನೇ ಬೆಳೆಸುತ್ತಾರೆ. 1997ರಲ್ಲಿ ಅಮೆರಿಕದ ವಿಜ್ಞಾನಿ ಜಾನ್ ಗುಡಿನಫ್ ಅವರ ತಂಡ ಪ್ರಕಟಿಸಿದ, ಈ ಆಕ್ಸೈಡಿಗೆ ಬದಲಾಗಿ ಬಳಸುವ ಲಿಥಿಯಂ ಐರನ್ ಫಾಸ್ಫೇಟ್‌ನಲ್ಲಿ ರಂಜಕವು ಆಮ್ಲಜನಕವನ್ನು ಬಿಗಿಯಾಗಿ ಹಿಡಿದಿರುವುದರಿಂದ ಆ ಭಯ ಕಡಿಮೆ. ಆದರೆ ಅದೇ ತೂಕಕ್ಕೆ ಸಿಗುವ ಶಕ್ತಿಯೂ ಕಡಿಮೆ.

ಎಷ್ಟು ಲಿಥಿಯಂ ಇದೆ ಎಂದಲ್ಲ, ಹೋದದ್ದರಲ್ಲಿ ಎಷ್ಟು ಹಿಂದಿರುಗಿತು ಎಂದು ಯಾರಾದರೂ ಕೇಳಲಿ ಎಂದು ನನಗೆ ಆಸೆ. ಕೇಳಿದವನೊಬ್ಬನಿದ್ದಾನೆ. ಅದೇ ಮದುವೆಯಲ್ಲಿ ಸಾರು ಬಡಿಸುತ್ತಿದ್ದ ಹುಡುಗ, “ಅಕ್ಕಾ, ನನ್ ಫೋನು ಎರಡೇ ವರ್ಷ, ಚಾರ್ಜೇ ನಿಲ್ಲಲ್ಲ, ಯಾಕೆ?” ಎಂದ. ಪೂರ್ತಿ ಚಾರ್ಜ್ ಆದ ಫೋನನ್ನು ಬಿಸಿಯಲ್ಲಿ ಬಿಟ್ಟರೆ ಆ ಪೊರೆ ಬೇಗ ದಪ್ಪವಾಗುತ್ತದೆ ಎಂದೆ. ಅವನು ಸಾರಿನ ಬಕೆಟ್ ಕೆಳಗಿಟ್ಟು, ಒಲೆಯ ಪಕ್ಕದ ಕಿಟಕಿಯಲ್ಲಿ ಚಾರ್ಜಿಗೆ ಹಾಕಿದ್ದ ಫೋನನ್ನು ತರಲು ಹೋದ.