ಅಕ್ಕನ ಕೆಂಪು ಇಂಜೆಕ್ಷನ್, ನನ್ನ ಮೂರು ಡಬ್ಬಿ

ರಾತ್ರಿ ಎರಡು ಗಂಟೆಗೆ ಎದ್ದು ಬಚ್ಚಲಿಗೆ ಹೋಗಿ, ಟವೆಲ್ ಒದ್ದೆ ಮಾಡಿ ಪಾದಕ್ಕೆ ಸುತ್ತಿಕೊಂಡು ಮಲಗುವವನು ದಾವಣಗೆರೆಯಲ್ಲಿ ನಾನೊಬ್ಬನೇ ಅಲ್ಲ ಅಂತ ಗೊತ್ತು. ನಮ್ಮ ಅಂಗಡಿಗೆ ಬರುವ ಗಿರಾಕಿಗಳಲ್ಲೇ ನಾಲ್ಕೈದು ಜನ ಇದ್ದಾರೆ. ಸೀರೆ ನೋಡ್ತಾ ನೋಡ್ತಾ ಮಾತು ಶುಗರ್‌ಗೆ ಬರುತ್ತೆ, ಶುಗರ್‌ನಿಂದ ಕಾಲುರಿಗೆ ಬರುತ್ತೆ, ಕೊನೆಗೆ "ನೀವು ಯಾವ ಮಾತ್ರೆ ತಗೊಳ್ತೀರಿ?" ಅಂತ ಕೇಳೇ ಕೇಳ್ತಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ, ಅದಕ್ಕೇ ಒಂದೇ ಸಲ ಬರೆದುಬಿಡ್ತೀನಿ.

ನನಗೆ 57. ಶುಗರ್ ಬಂದು 11 ವರ್ಷ. ಚೌಕಿಪೇಟೆ ಹತ್ತಿರ ಬಟ್ಟೆ ಅಂಗಡಿಯಲ್ಲಿ ಕೆಲಸ, ಗಾದಿ ಮೇಲೆ ಕೂರೋದು, ಅಂದರೆ ಇಡೀ ದಿನ ಬರಿಗಾಲು. ಶುರುವಾದದ್ದು ಹೆಬ್ಬೆರಳಿನ ತುದಿಯಲ್ಲಿ, ಬರೀ ಜುಮ್ ಜುಮ್. ಆರು ತಿಂಗಳಲ್ಲಿ ಅಂಗಾಲು ಪೂರ್ತಿ ಹಸಿಮೆಣಸಿನಕಾಯಿ ಅರೆದು ಹಚ್ಚಿದ ಹಾಗೆ ಉರಿ. ವಿಚಿತ್ರ ಅಂದರೆ ಅಷ್ಟು ಉರಿಯುವ ಕಾಲನ್ನು ಹೆಂಡತಿ ಮುಟ್ಟಿ ನೋಡಿದರೆ ತಣ್ಣಗೆ ಇರುತ್ತಿತ್ತು. "ನಿಮ್ಮದು ಬರೀ ಭ್ರಮೆ" ಅಂತ ಅವಳು ಅಂದದ್ದೂ ಉಂಟು. ಹಗಲು ವ್ಯಾಪಾರದ ಗದ್ದಲದಲ್ಲಿ ಗೊತ್ತಾಗುತ್ತಿರಲಿಲ್ಲ, ರಾತ್ರಿ ದೀಪ ಆರಿಸಿದ ಮೇಲೆ ಹೊದಿಕೆ ತಾಗಿದರೂ ತಡೆಯೋಕೆ ಆಗುತ್ತಿರಲಿಲ್ಲ.

ನನಗಿಂತ ಮೊದಲು ಅಕ್ಕನಿಗೆ ಇದೇ ಆಗಿತ್ತು. ಅಕ್ಕ ದುರ್ಗದಲ್ಲಿರೋದು. ಅವಳಿಗೂ ಶುಗರ್, ಹನ್ನೆರಡು ವರ್ಷದಿಂದ ಶುಗರ್ ಮಾತ್ರೆ ಮೆಟ್‌ಫಾರ್ಮಿನ್, ಅದರ ಜೊತೆ ದಿನಾ ಬೆಳಿಗ್ಗೆ ಗ್ಯಾಸ್ಟ್ರಿಕ್ ಮಾತ್ರೆ. ನಡೆಯುವಾಗ ತೂಗಾಡುತ್ತಿದ್ದಳು, ಹತ್ತಿಯ ಮೇಲೆ ಕಾಲಿಟ್ಟ ಹಾಗೆ ಆಗುತ್ತೆ ಅನ್ನುತ್ತಿದ್ದಳು. ಅಲ್ಲಿನ ಡಾಕ್ಟರು ವಿಟಮಿನ್ ಬಿ12 ಟೆಸ್ಟ್ ಮಾಡಿಸಿದರು. 142 ಬಂತು. ಸಾಮಾನ್ಯವಾಗಿ 200ಕ್ಕಿಂತ ಕೆಳಗಿದ್ದರೆ ಕಡಿಮೆ ಅಂತ ಲೆಕ್ಕ. ಕಾರಣ ಹುಡುಕೋಕೆ ದೂರ ಹೋಗಬೇಕಿರಲಿಲ್ಲ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡರೆ ಊಟದಲ್ಲಿರುವ ಬಿ12 ಮೈಗೆ ಹತ್ತೋದು ಕಮ್ಮಿ ಆಗುತ್ತೆ. ಬ್ರಿಟನ್ನಿನ ಔಷಧ ನಿಯಂತ್ರಕರು 2022ರಲ್ಲಿ ಇದನ್ನು ಮೆಟ್‌ಫಾರ್ಮಿನ್‌ನ ಸಾಮಾನ್ಯ ಅಡ್ಡಪರಿಣಾಮ ಅಂತಲೇ ಹೇಳಿದ್ದಾರೆ. ಆ ಗ್ಯಾಸ್ಟ್ರಿಕ್ ಮಾತ್ರೆಯೂ ಬಹಳ ಕಾಲ ತಗೊಂಡರೆ ಇದೇ ಕೆಲಸ ಮಾಡುತ್ತೆ. ಇನ್ನು ನಮ್ಮ ಮನೆ ಊಟ: ರೊಟ್ಟಿ, ಮುದ್ದೆ, ಕಾಳು, ಸೊಪ್ಪು. ಇದರಲ್ಲಿ ಯಾವುದರಲ್ಲೂ ಬಿ12 ಇಲ್ಲ. ಹಾಲು ಮೊಸರಿನಿಂದ ಬರಬೇಕು, ಅಕ್ಕ ಹಾಲು ಮುಟ್ಟೋದಿಲ್ಲ. (ನಮ್ಮ ಭಾವ "ಬೆಣ್ಣೆ ದೋಸೆ ತಿಂದರೆ ಸಾಕಲ್ಲ" ಅಂತ ಡಾಕ್ಟರಿಗೇ ಹೇಳಿದರಂತೆ. ಬೆಣ್ಣೆಯಲ್ಲಿ ಇರೋದು ನೆಪಕ್ಕೆ ಅಷ್ಟೇ. ದಾವಣಗೆರೆಯವನಾಗಿ ಇದನ್ನು ಬರೆಯೋಕೆ ನನಗೂ ಬೇಜಾರು.)

ಅಕ್ಕನಿಗೆ ಬಿ12 ಇಂಜೆಕ್ಷನ್ ಶುರು ಮಾಡಿದರು. ಮೊದಲು ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಂದು, ಈಗ ತಿಂಗಳಿಗೊಂದು. ಒಂದು ಸಲ ನಾನೇ ಕರೆದುಕೊಂಡು ಹೋಗಿದ್ದೆ. ಸಿರಿಂಜಿನಲ್ಲಿ ದಾಳಿಂಬೆ ರಸದ ಹಾಗೆ ಕೆಂಪಗಿತ್ತು, ಇದೇನು ರಕ್ತಾನಾ ಅಂತ ಗಾಬರಿಯಾದೆ. ಅದರಲ್ಲಿ ಕೋಬಾಲ್ಟ್ ಅನ್ನೋ ಲೋಹ ಇರುತ್ತೆ, ಅದಕ್ಕೇ ಆ ಬಣ್ಣ ಅಂದರು ನರ್ಸಮ್ಮ. ಎರಡು ತಿಂಗಳಲ್ಲಿ ಅಕ್ಕನ ತೂಗಾಟ ನಿಂತಿತು, ಉರಿ ಮುಕ್ಕಾಲು ಪಾಲು ಇಳಿಯಿತು. "ನೀನೂ ಇದನ್ನೇ ತಗೊಳ್ಳೋ ತಮ್ಮಾ" ಅಂದಳು.

ತಗೊಂಡೆ. ಟೆಸ್ಟ್ ಗಿಸ್ಟ್ ಏನೂ ಇಲ್ಲ, ಸೀದಾ ಮೆಡಿಕಲ್ ಶಾಪ್. "ನರಕ್ಕೆ ಒಳ್ಳೆಯದು ಕೊಡಪ್ಪ" ಅಂದೆ, ಒಂದು ಸ್ಟ್ರಿಪ್ ಕೊಟ್ಟ. ತಿಂಗಳಾದರೂ ಇಳಿಯಲಿಲ್ಲ ಅಂತ ಹೋದರೆ "ಇದು ಅದಕ್ಕಿಂತ ಪವರ್" ಅಂತ ಇನ್ನೊಂದು ಕೊಟ್ಟ. ಮೊದಲನೆಯದನ್ನು ಬಿಡಬೇಕು ಅಂತ ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆಮೇಲೆ ನನ್ನ ಅಳಿಯ ಮೊಬೈಲಿನಲ್ಲಿ ನೋಡಿ 1,400 ರೂಪಾಯಿ ಕೊಟ್ಟು ಒಂದು ಡಬ್ಬಿ ತರಿಸಿದ. ದಿನಕ್ಕೆರಡು ಕ್ಯಾಪ್ಸೂಲ್, ಮೇಲೆ ಪಾದದ ಚಿತ್ರ, ಪಾದದೊಳಗೆ ಮಿಂಚು. ಪ್ರೀತಿಯಿಂದ ಕೊಟ್ಟದ್ದು, ಬೇಡ ಅನ್ನೋಕಾಗುತ್ತಾ? ಒಟ್ಟು ಏಳು ತಿಂಗಳು ಮೂರನ್ನೂ ನುಂಗಿದೆ. ಶುಗರ್ ಎಷ್ಟಿದೆ ಅಂತ ಮಾತ್ರ ನೋಡಿಸಲಿಲ್ಲ, ನೋಡೋಕೆ ಭಯ. ಕೊನೆಕೊನೆಗೆ ಉರಿಯ ಜೊತೆ ಬೆರಳುಗಳು ಮರಗಟ್ಟಿದ ಹಾಗೆ ಆಗತೊಡಗಿದವು, ಕೈಬೆರಳಲ್ಲೂ ಜುಮ್ ಶುರುವಾಯಿತು.

ಬಿ.ಫಾರ್ಮಾ ಓದುತ್ತಿರುವ ಮಗಳು ರಜೆಗೆ ಬಂದವಳು ಮೂರೂ ಡಬ್ಬಿ ನೋಡಿ ನನ್ನನ್ನು ಬಲವಂತವಾಗಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು.

ಡಾಕ್ಟರು ಮಂಚದ ಮೇಲೆ ಮಲಗಿಸಿ ಕಣ್ಣು ಮುಚ್ಚಲು ಹೇಳಿದರು. ಕೈಯಲ್ಲಿ ಮೀನು ಹಿಡಿಯುವ ದಾರದಂಥ ಒಂದು ನೈಲಾನ್ ಎಳೆ. "ಕಾಲಿಗೆ ಮುಟ್ಟಿದಾಗ ಹೂಂ ಅನ್ನಿ" ಅಂದರು. ನಾನು ಕಾದೆ. ಸ್ವಲ್ಪ ಹೊತ್ತಾದ ಮೇಲೆ, ಶುರು ಮಾಡಿ ಸಾರ್ ಅಂದೆ. ಮಗಳು ಮೆಲ್ಲಗೆ "ಅಪ್ಪಾಜಿ, ಆಗಲೇ ನಾಲ್ಕು ಕಡೆ ಮುಟ್ಟಿದ್ದಾರೆ" ಅಂದಳು. ಆ ಮಾತು ಕೇಳಿ ಎದೆ ಧಸಕ್ ಅಂತು. ಇಷ್ಟು ಉರಿಯುವ ಕಾಲಿಗೆ ಮುಟ್ಟಿದ್ದು ಗೊತ್ತಾಗೋದಿಲ್ಲ ಅಂದರೆ! ಅಂಥದ್ದರಲ್ಲಿ ನಾನು ದಿನಾ ಸಂಜೆ ಬಿಸಿನೀರಿಗೆ ಉಪ್ಪು ಹಾಕಿ ಕಾಲು ಅದ್ದುತ್ತಿದ್ದೆ. ಅದನ್ನು ಹೇಳಿದ್ದಕ್ಕೆ ಸರಿಯಾಗಿ ಬೈಸಿಕೊಂಡೆ. ನೀರು ಸುಡುತ್ತಿದೆಯೋ ಇಲ್ಲವೋ ಹೇಳೋಕೆ ಆ ಕಾಲಿಗೆ ಬುದ್ಧಿ ಇಲ್ಲ.

ಆಮೇಲೆ ಡಬ್ಬಿಗಳ ಸರದಿ. ಡಾಕ್ಟರು ಒಂದೊಂದರ ಹಿಂದಿನ ಸಣ್ಣ ಅಕ್ಷರ ಓದಿ, ನಾವು ಅಂಗಡಿಯಲ್ಲಿ ಬಿಲ್ ಹಾಕ್ತೀವಲ್ಲ, ಹಾಗೇ ಚೀಟಿ ಮೇಲೆ ಬರೆದು ಕೂಡಿದರು. ಕೂಡಿದ್ದು ವಿಟಮಿನ್ ಬಿ6, ಅಂದರೆ ಪಿರಿಡಾಕ್ಸಿನ್. ಮೊದಲನೆಯದರಲ್ಲಿ 3 ಮಿಲಿಗ್ರಾಂ, ಎರಡನೆಯದರಲ್ಲಿ 10, ಪಾದದ ಚಿತ್ರದ ಡಬ್ಬಿಯಲ್ಲಿ ಕ್ಯಾಪ್ಸೂಲ್‌ಗೆ 50ರಂತೆ ಎರಡಕ್ಕೆ 100. ಒಟ್ಟು 113. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು ಎರಡು ಮಿಲಿಗ್ರಾಂ ಆಸುಪಾಸು. ಅಮೆರಿಕದವರು 100 ದಾಟಬಾರದು ಅಂತಾರೆ, ಯುರೋಪಿನವರು 2023ರಲ್ಲಿ ಆ ಮಿತಿಯನ್ನು 12ಕ್ಕೇ ಇಳಿಸಿದ್ದಾರೆ. ಯಾಕೆ ಗೊತ್ತಾ? ಬಿ6 ಜಾಸ್ತಿಯಾಗಿ ಬಹಳ ದಿನ ಹೋದರೆ ಅದೇ ನರವನ್ನು ಹಾಳು ಮಾಡುತ್ತೆ. ಜುಮ್ ಅನ್ನೋದು, ಮರಗಟ್ಟೋದು, ಉರಿ, ಎಲ್ಲಾ ಅದರಿಂದಲೇ ಬರಬಹುದು. ನರಕ್ಕೆ ಅಂತ ನುಂಗಿದ್ದೇ ನರ ತಿನ್ನುವ ಮಾತ್ರೆ! ನನ್ನ ಕಾಲಲ್ಲಿ ಎಷ್ಟು ಪಾಲು ಶುಗರಿನದು, ಎಷ್ಟು ಪಾಲು ಡಬ್ಬಿಯದು ಅಂತ ಬೇರ್ಪಡಿಸಿ ಹೇಳೋಕಾಗಲ್ಲ, ಆದರೆ ಇವತ್ತೇ ನಿಲ್ಲಿಸಿ ಅಂದರು.

ನನಗೂ ಬಿ12 ಟೆಸ್ಟ್ ಮಾಡಿಸಿದರು. 2000ಕ್ಕಿಂತ ಜಾಸ್ತಿ ಬಂತು. ನಾನು ಖುಷಿಪಟ್ಟೆ, ಡಾಕ್ಟರು ಪಡಲಿಲ್ಲ. ಏಳು ತಿಂಗಳು ನುಂಗಿದ ಮಾತ್ರೆಯೇ ರಕ್ತದಲ್ಲಿ ಕಾಣ್ತಿದೆ, ನಿಮಗೆ ಮೊದಲು ಕೊರತೆ ಇತ್ತೋ ಇಲ್ಲವೋ ಅಂತ ಈಗ ಯಾರೂ ಹೇಳೋಕಾಗಲ್ಲ ಅಂದರು. ಇದೊಂದು ನನಗೆ ಈಗಲೂ ಹೊಟ್ಟೆ ಉರಿಸುತ್ತೆ. ಮಾತ್ರೆಗೆ ಮೊದಲು ಟೆಸ್ಟ್ ಮಾಡಿಸಿದ್ದರೆ ಗೊತ್ತಾಗುತ್ತಿತ್ತು. ಅಕ್ಕನಿಗೆ ಖಾಲಿಯಾಗಿತ್ತು, ತುಂಬಿದರು, ನೆಟ್ಟಗಾದಳು. ನನ್ನದು ಅಂಥ ಕೇಸೇ ಅಂತ ತಿಳಿದು ಸುಮ್ನೆ ಸುರಿದುಕೊಂಡೆ. ನಿಜವಾಗಿ ಕೆಟ್ಟಿದ್ದು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ. 9.4.

ಎರಡನೆಯ ಸ್ಟ್ರಿಪ್‌ನಲ್ಲಿ ಆಲ್ಫಾ ಲಿಪೊಯಿಕ್ ಆಸಿಡ್ ಅಂತ ಇನ್ನೊಂದಿತ್ತು. ಅದರ ಬಗ್ಗೆ ಬಹಳ ಜನ ಕೇಳ್ತಾರೆ. ಮಗಳು ಓದಿ ಹೇಳಿದ್ದು ಇಷ್ಟು: 2006ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಐದು ವಾರ ದಿನಾ 600 ಮಿಲಿಗ್ರಾಂ ಕೊಟ್ಟಾಗ ಉರಿ, ನೋವು ಇಳಿದಿತ್ತು. 1200, 1800 ಕೊಟ್ಟವರಿಗೆ ಲಾಭ ಹೆಚ್ಚಲಿಲ್ಲ, ವಾಕರಿಕೆ ಹೆಚ್ಚಿತು. ಆದರೆ 2024ರಲ್ಲಿ ಔಷಧಗಳ ಅಧ್ಯಯನಗಳನ್ನು ಪರಿಶೀಲಿಸುವ ಸಂಸ್ಥೆಯಾದ ಕಾಕ್ರೇನ್‌ನವರು ಎಲ್ಲಾ ಅಧ್ಯಯನ ಒಟ್ಟಿಗಿಟ್ಟು ನೋಡಿದಾಗ, ಆರು ತಿಂಗಳ ಕೊನೆಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಡಾಕ್ಟರು ಬಿ6 ಇಲ್ಲದ, ಅದೊಂದೇ ಇರುವ ಮಾತ್ರೆಯನ್ನು ಮೂರು ತಿಂಗಳು ನೋಡೋಣ ಅಂದರು. ನೋಡಿದೆ. ಕಾಲು ಹಾಗೇ ಇತ್ತು, ಖಾಲಿ ಹೊಟ್ಟೆಗೆ ತಗೊಂಡು ಎದೆ ಉರಿ ಬಂತು. ಬಿಟ್ಟೆ. ನಿಮಗೆ ಆಗಿಬರಬಹುದು, ಆದರೆ ಅದು ಶುಗರ್ ಸ್ವಲ್ಪ ಇಳಿಸಬಹುದು, ಶುಗರ್ ಮಾತ್ರೆ ಅಥವಾ ಇನ್ಸುಲಿನ್ ಜೊತೆ ತಗೊಳ್ಳುವವರು ಡಾಕ್ಟರಿಗೆ ಹೇಳಿಯೇ ತಗೊಳ್ಳಿ.

ಈಗ ರಾತ್ರಿ ಪ್ರಿಗಾಬಲಿನ್ ಇದೆ. ಅದು ನರ ರಿಪೇರಿ ಮಾಡಲ್ಲ, ನೋವು ಅಡಗಿಸುತ್ತೆ ಅಷ್ಟೇ. ಮೊದಲ ವಾರ ಗಾದಿ ಮೇಲೆ ಕೂತಲ್ಲೇ ತೂಕಡಿಸಿ ಮಾಲೀಕರಿಂದ ಒಂದು ಮಾತು ಕೇಳಿಸಿಕೊಂಡೆ. ಗಾದಿ ಬಿಟ್ಟು ಇಳಿದರೆ ಎಂಸಿಆರ್ ಅನ್ನೋ ಮೆತ್ತನೆ ರಬ್ಬರಿನ ಚಪ್ಪಲಿ. ಬೆಳಿಗ್ಗೆ ಕುಂದವಾಡ ಕೆರೆ ಮೇಲೆ ನಡಿಗೆ. ರಾತ್ರಿ ಮಲಗುವ ಮುಂಚೆ ಮೊಬೈಲ್ ಟಾರ್ಚ್ ಹಾಕಿ ಅಂಗಾಲು ನೋಡಿಕೊಳ್ಳೋದು, ಎಲ್ಲಾದರೂ ಗಾಯ ಆಗಿದೆಯಾ ಅಂತ. ಶುಗರನ್ನು ನಿಧಾನವಾಗಿ ಇಳಿಸಿದರು, ಒಮ್ಮೆಲೇ ಇಳಿಸಿದರೂ ಉರಿ ಜಾಸ್ತಿ ಆಗಬಹುದಂತೆ. ಎಂಟು ತಿಂಗಳಿಗೆ 7.3ಕ್ಕೆ ಬಂದಿದೆ. ಕೈಯ ಜುಮ್ ಹೋಯಿತು. ಕಾಲುರಿ ಪೂರ್ತಿ ಹೋಗಿಲ್ಲ, ಆದರೆ ಟವೆಲ್ ಒದ್ದೆ ಮಾಡೋದು ವಾರಕ್ಕೊಮ್ಮೆ ಆಗಿದೆ.

ಪಾದದ ಚಿತ್ರದ ಡಬ್ಬಿಯಲ್ಲಿ ಇನ್ನೂ ಅರ್ಧದಷ್ಟು ಕ್ಯಾಪ್ಸೂಲ್ ಉಳಿದಿದ್ದವು. ಹೋದ ವಾರ ಒಬ್ಬ ಹಳೇ ಗಿರಾಕಿ ಅದರ ಸುದ್ದಿ ಕೇಳಿ, "ಅಷ್ಟು ದುಡ್ಡು ಕೊಟ್ಟಿದ್ದು, ಸುಮ್ನೆ ವೇಸ್ಟ್ ಆಗುತ್ತಲ್ರೀ, ನನಗೆ ಕೊಡಿ" ಅಂದರು. ಡಬ್ಬಿ ತಿರುಗಿಸಿ ಹಿಂದೆ ಓದಿ ಅಂತ ಕೈಗೆ ಕೊಟ್ಟೆ. ಕನ್ನಡಕ ತಂದಿಲ್ಲ ಅಂದರು. ನನ್ನ ಕನ್ನಡಕ ಬಿಚ್ಚಿಕೊಟ್ಟೆ.