ಬೀದರಿನ ಬಿಸಿಲಲ್ಲಿ ಈಸ್ಟರಿನ ಐವತ್ತು ದಿನ

ಬೀದರ, ಕಲಬುರಗಿ, ಯಾದಗಿರಿ ಕಡೆಯ ಬಹಳಷ್ಟು ಕ್ರೈಸ್ತ ಸಭೆಗಳಲ್ಲಿ, ಯೇಸು ಸತ್ತು ಎದ್ದ ಹಬ್ಬವಾದ ಈಸ್ಟರ್ ಬೆಳಿಗ್ಗೆ ಕಾಲಿಡಲು ಜಾಗ ಇರುವುದಿಲ್ಲ. ಹೈದರಾಬಾದ್, ಪುಣೆ, ಮುಂಬೈಗೆ ದುಡಿಯಲು ಹೋದವರೂ ಊರಿಗೆ ಬಂದಿರುತ್ತಾರೆ. ಮುಂದಿನ ರವಿವಾರ ಅರ್ಧ ಬೆಂಚು ಖಾಲಿ. ಹೊರಗಿನವರು ತಿರುಗಿ ಹೋದರು, ಸರಿ. ಊರಲ್ಲೇ ಇದ್ದವರಿಗೂ ಹಬ್ಬ ಮುಗಿದಿರುತ್ತದೆ. ಈಸ್ಟರಿಗೆ ಮುಂಚಿನ ಲೆಂಟಿನ ನಲವತ್ತು ದಿನ ಉಪವಾಸ, ಮನೆಮನೆ ಪ್ರಾರ್ಥನೆ ಬಿಡದೆ ಮಾಡುವ ನಾವು, ಪವಿತ್ರಾತ್ಮ ಇಳಿದು ಬಂದ ಹಬ್ಬವಾದ ಪೆಂತೆಕೋಸ್ತಿನವರೆಗೆ ನಡೆಯಬೇಕಾದ ಐವತ್ತು ದಿನಗಳ ಸಂತೋಷವನ್ನು ಒಂದೇ ಮುಂಜಾನೆಗೆ ಕಟ್ಟಿಹಾಕುತ್ತೇವೆ. ಇದು ಸರಿಯಾಗಬೇಕು ಎಂಬುದೇ ಈ ಬರಹದ ಕಾಳಜಿ.

ಮೊದಲು ಆ ಮುಂಜಾನೆಯನ್ನೇ ನೋಡೋಣ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆಯಾದ ಮೇಲಿನ ರವಿವಾರ ಈಸ್ಟರ್. ಹಾಗಾಗಿ ಅದು ಮಾರ್ಚ್ 22ರಿಂದ ಏಪ್ರಿಲ್ 25ರೊಳಗೆ ಎಲ್ಲಿ ಬೇಕಾದರೂ ಬೀಳಬಹುದು: 2026ರಲ್ಲಿ ಏಪ್ರಿಲ್ 5, 2027ರಲ್ಲಿ ಮಾರ್ಚ್ 28. ಏಪ್ರಿಲ್ ಮೊದಲ ವಾರ ನಮ್ಮಲ್ಲಿ ಸೂರ್ಯ ಹುಟ್ಟುವುದು 6.10ರಿಂದ 6.15ಕ್ಕೆ. ಸಮಾಧಿ ಸ್ಥಳದಲ್ಲಿ ಆರಾಧನೆ ಇಟ್ಟುಕೊಂಡವರು 5.15ಕ್ಕೆ ಸೇರಿ 5.30ಕ್ಕೆ ಮೆರವಣಿಗೆ ಹೊರಟರೆ, ಮಾರ್ಕ 16:1-8ನ್ನು ಓದುವ ಹೊತ್ತಿಗೆ ಮೂಡಣ ಕೆಂಪಾಗಿರುತ್ತದೆ. 'ಐದೂವರೆಗೆ ಸೇರೋಣ' ಎಂದರೆ ಜನ ಬರುವುದು ಆರಕ್ಕೆ. ಮೇಣದ ಬತ್ತಿ ಹಚ್ಚುವಷ್ಟರಲ್ಲಿ ಬೆಳಕಾಗಿರುತ್ತದೆ, ಪ್ರಸಂಗ ಮುಗಿಯುವಷ್ಟರಲ್ಲಿ ಬಿಸಿಲು ನೆತ್ತಿಗೆ ಏರಿರುತ್ತದೆ. ಪ್ರಸಂಗ ಹತ್ತೇ ನಿಮಿಷ ಇರಲಿ, ಎಲ್ಲ ಸೇರಿ ಐವತ್ತು ನಿಮಿಷ ಸಾಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ಕಾನೂನಿನ ನಿರ್ಬಂಧ ಇದೆ. ಆರರ ತನಕ ಮೈಕ್ ಬೇಡ. ಪೇಟಿ, ಡೋಲಕ್, ತಾಳ ಇದ್ದರೆ ನೂರು ಜನರ ಹಾಡು ಮೈಕ್ ಇಲ್ಲದೆಯೇ ತುಂಬಿ ಬರುತ್ತದೆ.

ಜಾಗವನ್ನು ಒಂದು ವಾರ ಮುಂಚೆಯೇ ಹಗಲಲ್ಲಿ ನಡೆದು ನೋಡಬೇಕು. ಕಲಬುರಗಿ, ಯಾದಗಿರಿ ಕಡೆಯ ಯರೆ ಮಣ್ಣು ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಹಗಲಲ್ಲಿ ಲೆಕ್ಕಕ್ಕೆ ಬಾರದ ಬಿರುಕಿನಲ್ಲಿ ಕತ್ತಲಲ್ಲಿ ಅಜ್ಜಿಯ ಕಾಲು ಸಿಕ್ಕರೆ ಮುರಿಯುತ್ತದೆ. ನಡೆಯುವ ದಾರಿಗೆ ಗರಸು ಹಾಕಿಸಿ, ಜಾಲಿ ಕಂಟಿ ಕಡಿಸಿ, ಒಣಹುಲ್ಲು ತೆಗೆಸಿ. ಅದರಲ್ಲಿ ಚೇಳೂ ಇರುತ್ತವೆ, ಬತ್ತಿಯ ಕಿಡಿ ಬಿದ್ದರೆ ಬೆಂಕಿಯೂ ಹತ್ತುತ್ತದೆ. ಬತ್ತಿಗಳನ್ನು ಪತ್ರಾಸಿನ ಕೋಣೆಯಲ್ಲಿ ಇಡಬೇಡಿ. ಮಧ್ಯಾಹ್ನದ ಸೆಕೆಗೆ ಮೇಣ ಮೆತ್ತಗಾಗಿ ಬತ್ತಿ ಬಾಗುತ್ತದೆ. ಬಾಗಿದ್ದು ಉರಿದರೆ ಮೇಣ ಒಂದೇ ಕಡೆ ಸುರಿದು ಕೈ ಸುಡುತ್ತದೆ. ಕಾಗದದ ಲೋಟದ ತಳಕ್ಕೆ ತೂತು ಮಾಡಿ ಬತ್ತಿ ಸಿಕ್ಕಿಸಿದರೆ ಗಾಳಿಯೂ ತಡೆಯುತ್ತದೆ, ಮೇಣವೂ ಅದರಲ್ಲೇ ನಿಲ್ಲುತ್ತದೆ.

ಸುವಾರ್ತೆಯನ್ನು ಹೆಣ್ಣುಮಕ್ಕಳೇ ಓದಲಿ. ಮಗ್ದಲದ ಮರಿಯಳು, ಯಾಕೋಬನ ತಾಯಿ ಮರಿಯಳು, ಸಲೋಮೆ, ಸಮಾಧಿಗೆ ಹೋದ ಈ ಮೂವರ ಹೆಸರನ್ನು ಮಾರ್ಕನೇ ಬರೆದಿದ್ದಾನೆ. ಯೇಸು ಎದ್ದಿದ್ದಾನೆ ಎಂಬ ಮಾತು ಮೊದಲು ಕೇಳಿದ್ದು ಅವರ ಕಿವಿಗೆ. ನಮ್ಮಲ್ಲಿ ಅದನ್ನು ಓದುವ ಅವಕಾಶ ಮಾತ್ರ ಗಂಡಸರಿಗೇ ಹೋಗುವುದು ನೋವಿನ ಸಂಗತಿ.

ಕಥೋಲಿಕ ದೇವಾಲಯಗಳಲ್ಲಿ ಹಬ್ಬ ಶನಿವಾರ ರಾತ್ರಿಯೇ ಆರಂಭ. ಪಾಸ್ಕ (ಈಸ್ಟರ್) ಜಾಗರಣೆ ಕತ್ತಲಾದ ಮೇಲೆಯೇ ಶುರುವಾಗಬೇಕು. ಏಪ್ರಿಲ್ ಆರಂಭದಲ್ಲಿ ಸೂರ್ಯ ಮುಳುಗುವುದೇ 6.35ರ ಸುಮಾರಿಗೆ, ಆದ್ದರಿಂದ ಏಳೂವರೆಗೆ ಮುಂಚೆ ಬೇಡ. ಹೊಸ ಬೆಂಕಿಯಿಂದ ಹಚ್ಚುವ ಪಾಸ್ಕ ಬತ್ತಿ ಪ್ರತಿವರ್ಷ ಹೊಸದೇ ಆಗಿರಬೇಕು, ಮೇಣದ್ದೇ ಆಗಿರಬೇಕು. ಅದರ ಮೇಲೆ ಶಿಲುಬೆ, ಆಲ್ಫಾ, ಒಮೆಗಾ, ಆ ವರ್ಷದ ನಾಲ್ಕು ಅಂಕಿ. ಹಳೆಯ ಒಡಂಬಡಿಕೆಯ ಏಳು ವಾಚನಗಳನ್ನು ಕಾರಣವಿದ್ದರೆ ಮೂರಕ್ಕೆ ಇಳಿಸಬಹುದು, ಆದರೆ ಕೆಂಪು ಸಮುದ್ರ ದಾಟಿದ ವಿಮೋಚನಕಾಂಡ 14ನ್ನು ಬಿಡುವಂತಿಲ್ಲ. ಒಳಗೆ ಬರುವಾಗ ಫ್ಯಾನ್ ನಿಲ್ಲಿಸಲು ಒಬ್ಬರಿಗೆ ಮೊದಲೇ ಹೇಳಿಟ್ಟಿರಿ. ಇಲ್ಲದಿದ್ದರೆ ಬತ್ತಿಗಳೆಲ್ಲ ಬಾಗಿಲಲ್ಲೇ ಆರುತ್ತವೆ.

ಇನ್ನು ಪ್ರಸಂಗ. ಇಲ್ಲಿಯೇ ಹೆಚ್ಚು ಎಡವುವುದು. 'ಕ್ರಿಸ್ತನು ಎದ್ದಿದ್ದಾನೆ' ಎಂದಾಗ ಕೆಲವರು ಪುನರ್ಜನ್ಮ ಎಂದುಕೊಳ್ಳುತ್ತಾರೆ, ಕೆಲವರು ಆತ್ಮ ಮೇಲೆ ಹೋಯಿತು ಎಂದುಕೊಳ್ಳುತ್ತಾರೆ, ಮತ್ತೆ ಕೆಲವರು ಯೇಸು ಬದುಕಿಸಿದ ಲಾಜರನಂತೆ ಉಸಿರು ತಿರುಗಿ ಬಂತು ಎಂದು. ಮೂರೂ ಅಲ್ಲ. ಲಾಜರ ಎದ್ದು ಮತ್ತೆ ಸಾಯಬೇಕಾದವನು. ಯೇಸು ಹಾಗಲ್ಲ, ಆತನಿಗೆ ಇನ್ನು ಸಾವಿಲ್ಲ ಎಂದು ರೋಮಾಪುರದವರಿಗೆ ಬರೆದ ಪತ್ರಿಕೆಯ 6ನೇ ಅಧ್ಯಾಯ ಹೇಳುತ್ತದೆ. ಬರೀ ಆತ್ಮವೂ ಅಲ್ಲ: ಲೂಕ 24ರಲ್ಲಿ ಸುಟ್ಟ ಮೀನು ತಿನ್ನುತ್ತಾನೆ, ಯೋಹಾನ 20ರಲ್ಲಿ ಕೈಯ ಗಾಯ ತೋರಿಸುತ್ತಾನೆ. ಬೇರೊಬ್ಬನಾಗಿ ಹುಟ್ಟಿ ಬಂದದ್ದೂ ಅಲ್ಲ, ಏಕೆಂದರೆ ಗಾಯಗಳು ಅವೇ.

ಸತ್ತವರು ಎಂಥ ದೇಹದಲ್ಲಿ ಎದ್ದು ಬರುತ್ತಾರೆ ಎಂಬ ಪ್ರಶ್ನೆಗೆ ಅಪೊಸ್ತಲ ಪೌಲ ಕೊರಿಂಥದವರಿಗೆ ಕೊಟ್ಟ ಉತ್ತರ ಬಿತ್ತನೆಯ ಕಾಳು (1 ಕೊರಿಂಥ 15:35-44). ಅವನು ಗೋಧಿಯ ಹೆಸರು ಹೇಳಿದ. ತೊಗರಿ ನಾಡಿನ ನಾವು ತೊಗರಿಯಲ್ಲಿ ಹೇಳೋಣ. ಬಿತ್ತಿದ ತೊಗರಿಯ ಬೇಳೆ ಮೊಳಕೆಯ ಜೊತೆ ಮೇಲೆ ಬರುವುದಿಲ್ಲ, ಮಣ್ಣೊಳಗೇ ಉಳಿದು ಕರಗುತ್ತದೆ. ಮೇಲೆ ಬರುವುದು ಆಳೆತ್ತರದ ಗಿಡ. ಕಾಳಿಗೂ ಅದಕ್ಕೂ ರೂಪದಲ್ಲಿ ಸಂಬಂಧವೇ ಇಲ್ಲ. ಆದರೂ ಅದು ತೊಗರಿಯೇ, ಜೋಳವಲ್ಲ. ರಾಶಿ ಮಾಡಿದವರಿಗೆ ಇದನ್ನು ಬಿಡಿಸಿ ಹೇಳುವುದೇ ಬೇಕಿಲ್ಲ. ಸತ್ತ ತಾಯಿ ಎದ್ದಾಗ ನನಗೆ ಗುರುತು ಸಿಗುತ್ತಾಳೆಯೇ ಎಂದು ಕೇಳುವವರಿಗೆ ಪೌಲನ ಉತ್ತರ ಇದೇ: ಬಿತ್ತಿದ ಒಂದೊಂದು ಬೀಜಕ್ಕೂ ಅದರದೇ ದೇಹ.

ಇಷ್ಟನ್ನು ಒಂದು ಬೆಳಿಗ್ಗೆ ಹತ್ತು ನಿಮಿಷದಲ್ಲಿ ಹೇಳಲಾಗದು. ಅದಕ್ಕೇ ಮುಂದಿನ ರವಿವಾರಗಳು. ಎರಡನೆಯದಕ್ಕೆ, ಗಾಯ ನೋಡದೆ ನಂಬುವುದಿಲ್ಲ ಎಂದ ಶಿಷ್ಯ ತೋಮನ ಭಾಗ (ಯೋಹಾನ 20:24-29). ಅವನನ್ನು ಬೈಯುವ ಪ್ರಸಂಗ ಬೇಡ, ಯೇಸು ಅವನಿಗಾಗಿಯೇ ಮತ್ತೊಮ್ಮೆ ಬಂದ ಎಂಬುದನ್ನು ಹೇಳಿ. ಎಮ್ಮಾಹುವಿನ ಭಾಗವನ್ನು (ಲೂಕ 24:13-35) ಬಿಸಿಲು ಇಳಿದ ಮೇಲೆ ಯಾರಾದರೂ ಒಬ್ಬರ ಮನೆಯಲ್ಲಿ ಓದಿ. ಸುಮಾರು ಹನ್ನೊಂದು ಕಿಲೋಮೀಟರ್ ನಡೆದು ಬಂದ ಆ ಇಬ್ಬರು ಶಿಷ್ಯರಿಗೆ ಯೇಸುವಿನ ಗುರುತು ಸಿಕ್ಕಿದ್ದು ಮನೆಯೊಳಗೆ, ಊಟಕ್ಕೆ ಕೂತಾಗ. ಆಮೇಲೆ ಕೆರೆದಂಡೆಯ ಊಟದ ಯೋಹಾನ 21. ಮಕ್ಕಳ ರಜೆಯ ಬೈಬಲ್ ಶಾಲೆ (ವಿಬಿಎಸ್) ಹೇಗೂ ಇದೇ ದಿನಗಳಲ್ಲಿ ಬರುತ್ತದೆ. ಮಕ್ಕಳಿಗೂ ಇವೇ ಪಾಠಗಳನ್ನು ಇಡಬಹುದು.

ಈ ದಿನಗಳಲ್ಲಿ ಸಾವಾದರೆ ಈಸ್ಟರ್ ಹಾಡು ಹಾಡಲು ಹಿಂಜರಿಯುವವರಿದ್ದಾರೆ. ಹಿಂಜರಿಯಬೇಡಿ. ಮಣ್ಣಿಗೆ ಇಡುವಾಗ 1 ಕೊರಿಂಥ 15ನ್ನೇ ಓದಿ, ದುಃಖದಲ್ಲಿರುವ ಮನೆಯವರನ್ನು ಮೊದಲು ಕೇಳಿ, ಒಂದೇ ಚರಣವಾದರೂ ಹಾಡಿ. ಪಾಸ್ಕ ಬತ್ತಿಯನ್ನು ಶವಪೆಟ್ಟಿಗೆಯ ಬಳಿ ಹಚ್ಚುವ ಕಥೋಲಿಕ ಪದ್ಧತಿಯ ಅರ್ಥವೂ ಇದೇ.

ನಲವತ್ತನೆಯ ದಿನ ಯೇಸುವಿನ ಸ್ವರ್ಗಾರೋಹಣದ ಹಬ್ಬ, ಯಾವಾಗಲೂ ಗುರುವಾರ. ರಜೆ ಇರುವುದಿಲ್ಲವಾದ್ದರಿಂದ ಸಂಜೆ ಏಳಕ್ಕೆ ಇಟ್ಟರೆ ಜನ ಬರುತ್ತಾರೆ. ಪೆಂತೆಕೋಸ್ತು 2026ರಲ್ಲಿ ಮೇ 24, 2027ರಲ್ಲಿ ಮೇ 16. ಆ ವರ್ಷದ ಈ ಎರಡು ಹಬ್ಬಗಳ ದಿನಾಂಕಗಳನ್ನೂ ಎಂಟು ರವಿವಾರಗಳ ವಾಚನಗಳನ್ನೂ ಒಂದೇ ಹಾಳೆಯಲ್ಲಿ ಬರೆದು, ಈಸ್ಟರ್ ಬೆಳಿಗ್ಗೆ ಬತ್ತಿ ಕೊಡುವಾಗ ಜೊತೆಗೇ ಕೈಗೆ ಕೊಡಿ.